ಬಾವಿಯ ಸುತ್ತ ಹನ್ನೆರಡು ಮನೆ

ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹಳೆಯ ಚರ್ಮದ ವಾಸನೆ, ಆಮೇಲೆ ಲೇತ್ ಮಿಷನ್ನಿನ ಎಣ್ಣೆಯದು. ಆ ಎಣ್ಣೆಯ ವಾಸನೆ ಸಿಕ್ಕ ಕೂಡಲೇ ವಿನೋಬನಗರದ ನನ್ನ ಸಂಗೀತದ ಕೋಣೆ ಮರೆತುಹೋಯಿತು. ಭದ್ರಾವತಿಯ ವಠಾರದ ಬಾವಿಕಟ್ಟೆಯ ಪಕ್ಕ, ಹದಿಮೂರು ವರ್ಷದವಳಾಗಿ ನಿಂತುಬಿಟ್ಟಿದ್ದೆ. ಪೆಟ್ಟಿಗೆಯಲ್ಲಿದ್ದದ್ದು ಪಕ್ಕದ ಮನೆಯ ಅನ್ವರ್ ಮಾಮನ ಅಕಾರ್ಡಿಯನ್. ಅವರು ತೀರಿಕೊಂಡ ಮೇಲೆ ಅವರ ಮಗಳು ತಂದುಕೊಟ್ಟು, "ನಮ್ಮನೇಲಿ ಇದನ್ನ ನುಡಿಸೋರು ಯಾರೂ ಇಲ್ಲ ಅಕ್ಕಾ, ಅಬ್ಬಾ ನಿಮ್ಮ ಹೆಸರೇ ಹೇಳ್ತಿದ್ರು" ಎಂದು ಹೇಳಿ ಹೋಗಿದ್ದಳು. ಮುಚ್ಚಳದ ಒಳಬದಿಯಲ್ಲಿ ಮೊಳೆಯಿಂದ ಗೀಚಿದ ಒಂದು ವೃತ್ತವಿತ್ತು, ಅದರ ಸುತ್ತ ಹನ್ನೆರಡು ಹೆಸರುಗಳು. ಮೇಲ್ತುದಿಯಲ್ಲಿ 'ಸರೋಜಮ್ಮ' ಎಂದು ನನ್ನ ಅಮ್ಮನ ಹೆಸರು. ಅದರ ಬಲಕ್ಕೆ 'ನಾನು', ಅಂದರೆ ಮಾಮ. ಆಮೇಲೆ ಪೋಸ್ಟ್‌ಮನ್ನು, ಸೆಲ್ವಿ, ಹೀಗೆ ಸುತ್ತಿ ಮತ್ತೆ ಅಮ್ಮನ ಹತ್ತಿರಕ್ಕೇ.

ನಮ್ಮ ವಠಾರದಲ್ಲಿ ಬಾವಿಯ ಸುತ್ತ ಹನ್ನೊಂದು ಮನೆಗಳಿದ್ದವು, ನಮ್ಮ ಮನೆಗೆ ನೇರ ಎದುರಿಗೆ ಒಂದು ಸೌದೆ ಕೊಟ್ಟಿಗೆ; ಮಾಮನ ಲೆಕ್ಕದಲ್ಲಿ ಅದೂ ಒಂದು ಮನೆ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಒಂದೇ ಬಾವಿಯ ನೀರು ಸೇದುತ್ತಿದ್ದವು. ಯಾರ ಮನೆಯಲ್ಲಿ ಹಬ್ಬವಾದರೂ ಮುಚ್ಚಿದ ಬಟ್ಟಲೊಂದು ಎಡದ ಮನೆಗೆ, ಇನ್ನೊಂದು ಬಲದ ಮನೆಗೆ ಹೋಗಬೇಕು. ಖಾಲಿ ಬಟ್ಟಲು ವಾಪಸ್ ಕೊಡುವಂತಿಲ್ಲ. ಅನ್ವರ್ ಮಾಮ ಹಗಲು ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ತಿರುಗಿಸುತ್ತಿದ್ದರು, ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದರು. ನನಗೆ ಕೀಬೋರ್ಡ್ ಕಲಿಸಿದ್ದು ಅವರೇ, ಅದೂ ಪುಸ್ತಕವಿಲ್ಲದೆ. ಕೀಬೋರ್ಡಿನ ಸ್ವರಗಳ ಹೆಸರನ್ನೇ ಮನೆಗಳಿಗೆ ಕೊಟ್ಟು, ನಮ್ಮ ಮನೆಗೆ ಸಿ ಎಂದು ಹೆಸರಿಟ್ಟರು. "ಸಾ ಹಾಡು, ಪಾ ಹಾಡು. ಆ ಪಾ ಇದೆಯಲ್ಲ, ಅದೇ ನಮ್ಮನೆ, ಜಿ. ಈಗ ಅದನ್ನೇ ಸಾ ಮಾಡ್ಕೋ. ಅದರ ಪಾ ಪೋಸ್ಟ್‌ಮನ್ ಮನೆ, ಡಿ. ಹಿಂಗೇ ಹನ್ನೆರಡು ಸಲ ಹೋದ್ರೆ ನಿಮ್ಮಮ್ಮನ ಅಡುಗೆಮನೆಗೇ ವಾಪಸ್ ಬರ್ತೀಯ ಬೇಟಿ!" ಸೆಲ್ವಿ ಅಕ್ಕನ ಮನೆ ಎ. ಸೌದೆ ಕೊಟ್ಟಿಗೆಗೆ ಎಫ್ ಶಾರ್ಪ್. ಅಲ್ಲಿಗೆ ಯಾರೂ ಸುಮ್ಮನೆ ಹೋಗುವುದಿಲ್ಲ, ಹೋದರೂ ಬೇಗ ಬರುತ್ತಾರೆ ಎಂದು ನಗುತ್ತಿದ್ದರು. ಹಾಡು ಯಾರ ಮನೆಯಲ್ಲಿದ್ದರೂ ಬಟ್ಟಲು ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೋಗುತ್ತದೆ, ಮನೆಗೆ ಬರುತ್ತದೆ. ಆ ಮೂರು ಮನೆಗಳ ಸ್ವರಮೇಳ ಕೈಗೆ ಬಂದರೆ ಮುಕ್ಕಾಲು ಪಾಲು ಹಾಡುಗಳು ಬಂದಂತೆ ಎಂಬುದು ಅವರ ಲೆಕ್ಕ. ವೇದಿಕೆಯಲ್ಲಿ ಹಾಡಿನ ಶ್ರುತಿ ಬದಲಾಯಿಸಬೇಕಾದರೆ ಬೆರಳು ತೋರಿಸುತ್ತಿದ್ದರು: ಬಲಗೈಯಾದರೆ ಬಲಕ್ಕೆ ಅಷ್ಟು ಮನೆ, ಎಡಗೈಯಾದರೆ ಎಡಕ್ಕೆ.

ಆ ಆರ್ಕೆಸ್ಟ್ರಾದ ಹಾಡುಗಾರ್ತಿ ನನ್ನ ಅಮ್ಮ. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ದನಿ ಇಳಿಯಿತು, ಮೇಲಿನ ಸ್ವರಕ್ಕೆ ಹೋದರೆ ಬಿರಿಯಿತು. ಆರ್ಕೆಸ್ಟ್ರಾದವರು ಬೇರೆ ಹುಡುಗಿಯನ್ನು ಕರೆತಂದರು. ಅಮ್ಮ ಪಾತ್ರೆ ತೊಳೆಯುವಾಗ ಗುನುಗುವುದನ್ನೂ ಬಿಟ್ಟಳು. ನಮ್ಮ ಮನೆಗೆ ಅದಕ್ಕಿಂತ ದೊಡ್ಡ ಸೂತಕ ಇರಲಿಲ್ಲ. ಅನ್ವರ್ ಮಾಮ ಒಂದು ದಿನ ಬಾಗಿಲಲ್ಲಿ ನಿಂತು, "ದನಿ ಎಲ್ಲೂ ಹೋಗಿಲ್ಲ ಸರೋಜಮ್ಮ, ಮನೆ ಬದಲಾಯಿಸಿದೆ ಅಷ್ಟೇ. ಸಿ ಬಿಟ್ಟು ಅದರ ಕೆಳಗಿನ ಎ ಮನೇಲಿ ಹಾಡಿ ನೋಡಿ" ಎಂದರು. ವಠಾರವೆಲ್ಲ ಅಂಗಳಕ್ಕೆ ಬಂತು, ನಾನು ಕೀಬೋರ್ಡಿನ ಮುಂದೆ ಕೂತೆ. ಮೂರು ಮನೆ ಬಲಕ್ಕೆ ಎಂದು ನಾನು ಹೊಸ್ತಿಲ ಮೇಲೆ ನಿಂತುಕೊಂಡವಳ ಹಾಗೆ ಎಣಿಸಿದೆ, ಬಾವಿಗೆ ಮುಖ ಮಾಡಿ. ಹಾಗೆ ನಿಂತರೆ ಮಾಮನ ವೃತ್ತದ ಬಲವೆಲ್ಲ ಎಡವಾಗುತ್ತದೆ ಎಂದು ಹೊಳೆಯಲೇ ಇಲ್ಲ. ಸುತ್ತಿನ ಆ ಕಡೆಗೆ ಹೋಗಿ ಇ ಫ್ಲಾಟ್ ಹಿಡಿದೆ. ಕೆಳಗಿಳಿಯಬೇಕಾದ ಹಾಡು ಇನ್ನೂ ಮೇಲೇರಿತು, ಅಮ್ಮನ ದನಿ ಎಲ್ಲರೆದುರು ಒಡೆಯಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನನಗೆ ಸತ್ತುಹೋಗಬೇಕೆನಿಸಿತು. ಅನ್ವರ್ ಮಾಮ ಬೈಯಲಿಲ್ಲ. ಕೈ ಹಿಡಿದು ಬಾವಿಕಟ್ಟೆಗೆ ಕರೆದೊಯ್ದರು. "ನಿಮ್ಮನೆ ಹೊಸ್ತಿಲಿಂದ ಊರು ಅಳೀಬೇಡ. ನಡುವೆ ನಿಂತು ಎಲ್ಲರ ಮನೆ ನೋಡು."

ನವೆಂಬರಿನಲ್ಲಿ ಇಲ್ಲೇ, ವಿನೋಬನಗರದಲ್ಲಿ ರಾಜ್ಯೋತ್ಸವದ ಪೆಂಡಾಲು. ಅನ್ವರ್ ಮಾಮ ಹೇಗೋ ಅಮ್ಮನನ್ನು ಒಪ್ಪಿಸಿದ್ದರು: ಒಂದೇ ಹಾಡು, ಜೊತೆಗೆ ಅವರ ಅಕಾರ್ಡಿಯನ್, ನನ್ನ ಕೀಬೋರ್ಡ್. ಆದರೆ ಅಮ್ಮನದು ಒಂದೇ ಹಟ. "ಹಾಡಿದ್ರೆ ನಮ್ಮನೇಲೇ ಹಾಡ್ತೀನಿ. ಇಳಿಸ್ಕೊಂಡು ಹಾಡೋಕೆ ನಾನೇನು ಮುದುಕೀನಾ ಮಾರಾಯ್ತಿ?" ಸರಿ, ಸಿ ಹಿಡಿದೆವು. ಪಲ್ಲವಿ ದಾಟಿತು. ಚರಣ ಮೇಲೇರುತ್ತದೆ, ಅದು ನಮಗೆ ಮೂವರಿಗೂ ಗೊತ್ತು. ನಡುವಿನ ಅಕಾರ್ಡಿಯನ್ ತುಣುಕು ಶುರುವಾದಾಗ ಅಮ್ಮನ ಕತ್ತಿನ ಹಿಂಭಾಗ ಬೆವರಿನಿಂದ ಹೊಳೆಯುತ್ತಿತ್ತು. ಅವಳು ಮೈಕನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯನ್ನು ಬೆನ್ನ ಹಿಂದೆ ತಂದಳು. ಮೂರು ಬೆರಳು. ನಾನು ಕಣ್ಣು ಮುಚ್ಚಿ ಬಾವಿಕಟ್ಟೆಯ ಬಳಿ ನಿಂತೆ. ಬಲಕ್ಕೆ ಮಾಮನ ಮನೆ, ಪೋಸ್ಟ್‌ಮನ್ ಮನೆ, ಸೆಲ್ವಿ ಅಕ್ಕನ ಮನೆ. ಎ ಒತ್ತಿದೆ. ಮಾಮನ ಅಕಾರ್ಡಿಯನ್ ಅರೆಕ್ಷಣ ತಡವರಿಸಿ ನನ್ನ ಹಿಂದೆಯೇ ಬಂತು. ಅಮ್ಮ ಚರಣ ಎತ್ತಿಕೊಂಡಳು. ಅಬ್ಬ, ಆ ದನಿ! ಹಿಂದಿನದ್ದಕ್ಕಿಂತ ತುಂಬಿದ, ಎದೆಯಾಳದ ದನಿ. ಹಾಡು ಮುಗಿಯುವ ಮೊದಲೇ ಪೆಂಡಾಲು ಎದ್ದು ನಿಂತು ಶಿಳ್ಳೆ ಹೊಡೆಯಿತು. ಆರ್ಕೆಸ್ಟ್ರಾದವರು ಮರುದಿನವೇ ಬಂದರು. ಅಮ್ಮ ಕಾಫಿ ಕೊಟ್ಟು, ಯೋಚಿಸಿ ಹೇಳುತ್ತೇನೆ ಎಂದು ಒಂದು ವಾರ ಕಾಯಿಸಿದಳು. ಆಮೇಲೆ ಹದಿನಾರು ವರ್ಷ ಹಾಡಿದಳು.

ವಠಾರ ಈಗಿಲ್ಲ. ಬಾವಿಗೆ ಚಪ್ಪಡಿ ಎಳೆದು ಮೇಲೆ ಅಂಗಡಿ ಕಟ್ಟಿದ್ದಾರೆ. ನನ್ನ ಹತ್ತಿರ ಕಲಿಯುವ ಮಕ್ಕಳ ಫೋನಿನಲ್ಲಿ ಅದೇ ವೃತ್ತ ಬಣ್ಣಬಣ್ಣವಾಗಿ ತಿರುಗುತ್ತದೆ. ನಾನು ಮಾತ್ರ ಮೊದಲು ಕೇಳುವುದು, ನಿಮ್ಮ ಬಲಗಡೆ ಮನೆಯವರು ಯಾರು ಎಂದು. ಅರ್ಧ ಮಕ್ಕಳಿಗೆ ಗೊತ್ತಿರುವುದಿಲ್ಲ, ಹೋಗಿ ತಿಳಿದುಕೊಂಡು ಬಾ ಎನ್ನುತ್ತೇನೆ.

ಪೆಟ್ಟಿಗೆ ತೆರೆದ ಆ ದಿನ ಅಕಾರ್ಡಿಯನ್ ಹೆಗಲಿಗೇರಿಸಿ ಆ ಹಾಡನ್ನು ಎ ಮನೆಯಲ್ಲಿ ಶುರು ಮಾಡಿದೆ. ಒಳಗಿನಿಂದ ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಎಪ್ಪತ್ತೆಂಟಾಯಿತು ಅವಳಿಗೆ. ಎರಡು ಸ್ವರ ಹಾಡಿ ನೋಡಿದಳು, ಇನ್ನೂ ಇಳಿಸು ಎಂಬಂತೆ ತಲೆಯಾಡಿಸಿದಳು, ಎಡಗೈ ಎತ್ತಿ ಎರಡು ಬೆರಳು ತೋರಿಸಿದಳು. ನಾನು ಕಣ್ಣು ಮುಚ್ಚಿ ಬಾವಿಯ ಹತ್ತಿರ ನಿಂತು ಎಡಕ್ಕೆ ಎರಡು ಮನೆ ಎಣಿಸಿದೆ. ಅನ್ವರ್ ಮಾಮನ ಮನೆ ಬಂತು. ಅಮ್ಮ ಅಲ್ಲಿ ನಿಂತು ಇಡೀ ಹಾಡು ಹಾಡಿದಳು.