ಕೂಳೆ ಬಿಟ್ಟ ಹುಲ್ಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮುಂದಿನ ಒಂದು ಹುಲ್ಲಿನ ಮೇಲೆ ಹಲ್ಲು ಮಸೆಯುತ್ತಿದ್ದೆ. ನಗಬೇಡಿ ಮಕ್ಕಳೇ, ಆ ಕೋಪ ಇಂದಿಗೂ ಪೂರ್ತಿ ಇಳಿದಿಲ್ಲ. ನಲವತ್ತು ತುಂಬುವ ಮೊದಲೇ ಅಜ್ಜಿಯಾದವಳು ನಾನು. ಹೇಳುತ್ತಿರುವುದು ತೊಂಬತ್ತರ ದಶಕದ ಮಾತು, ರಾಜರ ಕಾಲದ್ದಲ್ಲ.

ತಾಂಡವಪುರದಲ್ಲಿ ನಮ್ಮ ಮನೆ. ಅಪ್ಪ ನಂಜನಗೂಡು ರಸ್ತೆಯ ಒಂದು ಕಾರ್ಖಾನೆಯಲ್ಲಿ ಮಾಲಿ. ಅಲ್ಲಿಂದ ಒಂದು ಬುಡ ಅಲಂಕಾರದ ಹುಲ್ಲನ್ನು ಗೋಣಿತಾಟಿನಲ್ಲಿ ಸುತ್ತಿ ತಂದು ಜಗಲಿಯ ಪಕ್ಕ ನೆಟ್ಟರು. ಅದು ಎದೆಯುದ್ದ ಬೆಳೆದು, ಅಳಿಲಿನ ಬಾಲದಂಥ ನಸುಗೆಂಪು ತೆನೆ ಬಿಡುತ್ತಿತ್ತು. ನೀರು ಹೊರುವ ಕೆಲಸ ಅಕ್ಕನದು, ನನ್ನದು. ಬೋರ್‌ವೆಲ್ ಒತ್ತಿ ಒತ್ತಿ ಅಂಗೈಯೆಲ್ಲ ಕಬ್ಬಿಣದ ವಾಸನೆ. "ದನ ಮೇಯ್ದೇ ಇರೋ ಉಲ್ಲಿಗೆ ಈಟೊಂದ್ ನೀರಾ?" ಎಂದು ಅವ್ವ ಗೊಣಗುತ್ತಿದ್ದಳು. "ಇದು ಮೇಯೋ ಉಲ್ಲಲ್ಲ ಕಣಮ್ಮಿ, ನೋಡೋ ಉಲ್ಲು" ಎನ್ನುತ್ತಿದ್ದರು ಅಪ್ಪ.

ನನಗೊಂದು ಮೇಕೆಮರಿಯಿತ್ತು. ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ. ನನ್ನ ಲಂಗದ ಅಂಚು ಚೀಪುತ್ತಾ ಹಿಂದೆಯೇ ಬರುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದು ಹಗ್ಗ ಬಿಡಿಸಿಕೊಂಡು ನಾಲ್ಕು ಒಣ ತೆನೆ ಮೇಯಿತು. ನಾಲ್ಕೇ ನಾಲ್ಕು! "ರುಚಿ ಕಂಡದ್ದು ನಾಳೆ ಚಿಗುರ ಬುಟ್ಟಾತಾ?" ಎಂದು ಅಪ್ಪ ಅದನ್ನು ಕುಕ್ಕೆಯಲ್ಲಿ ಕೂರಿಸಿ, ಸೈಕಲ್ ಕ್ಯಾರಿಯರ್‌ಗೆ ಕಟ್ಟಿ, ಹೆಡತಲೆ ಊರಿನ ಚಿಕ್ಕಪ್ಪನಿಗೆ ಕೊಡಲು ಹೊರಟೇಬಿಟ್ಟರು. ನಾನು ಗೋಳಾಡಿದೆ, ಸೈಕಲ್ಲು ಹಿಡಿದು ಎಳೆದೆ. ಅಪ್ಪ ತಿರುಗಿಯೂ ನೋಡಲಿಲ್ಲ.

ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ಕಿತ್ತುಕೊಂಡೆ. "ಬ್ಯಾಡ ಕಣಮ್ಮಿ, ಅಪ್ಪ ಚರ್ಮ ಸುಲ್ದ್‌ಬುಡ್ತದೆ" ಎಂದು ಅಕ್ಕ ಕೈ ಹಿಡಿದಳು. ಕೊಸರಿಕೊಂಡೆ. ಗರಿಗಳು ಕೆನ್ನೆ ಗೀರಿದರೂ, ಧೂಳು ಮೂಗಿಗೆ ಹೊಕ್ಕರೂ ಬಿಡದೆ ಇಡೀ ಹುಲ್ಲನ್ನು ಕುಯ್ದು ಹಾಕಿದೆ. ಗೇಣುದ್ದದ ಮೋಟು ಉಳಿಯಿತು. ಸತ್ತಿತು ಎಂದುಕೊಂಡೆ.

ಮಧ್ಯಾಹ್ನ ಅಪ್ಪ ಖಾಲಿ ಕುಕ್ಕೆಯೊಂದಿಗೆ ಬಂದರು. ನಾನು ಏಟಿಗೆ ಕಾದು ನಿಂತಿದ್ದೆ. ಅವರು ಕುಕ್ಕರಿಸಿ ಮೋಟಿನ ಮೇಲೆ ಅಂಗೈ ಆಡಿಸಿದರು. "ಕೂಳೆ ಚೆಂದಾಗ್ ಬುಟ್ಟಿದ್ದೀಯಲ್ಲವ್ವ! ನಾಳಿದ್ದು ನಾನೇ ಕುಯ್ಬೇಕು ಅಂತಿದ್ದೆ. ಇಂಗ್ ಕುಯ್ದ್ರೇನೇ ಇದು ಬದುಕೋದು."

ಕೂಳೆ! ಕಬ್ಬು ಕಡಿದ ಮೇಲೆ ಮತ್ತೆ ಚಿಗುರಲೆಂದು ನೆಲದಲ್ಲೇ ಬಿಡುವ ಬುಡ. ಕಬ್ಬಿನ ಗದ್ದೆಯಲ್ಲಿ ಆಡಿ ಬೆಳೆದ ನನಗೆ ಗೊತ್ತಿಲ್ಲದ್ದೇ? ಕೊಲ್ಲಬೇಕಿದ್ದರೆ ಗುದ್ದಲಿಯಿಂದ ಬೇರು ಕೀಳಬೇಕಿತ್ತು. ಕೈ ರೂಢಿಯಂತೆ ಬುಡ ಬಿಟ್ಟಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು ಮಾತಿಗೆ. ನಾಳಿದ್ದು ತಾವೇ ಕುಯ್ದು ಎಸೆಯಲಿದ್ದ ನಾಲ್ಕು ತೆನೆಗಾಗಿ ನನ್ನ ಮರಿಯನ್ನು ಕಳಿಸಿದ್ದರು! ಯುಗಾದಿಯ ಹೊತ್ತಿಗೆ ಹುಲ್ಲು ಹಚ್ಚಗೆ ಚಿಗುರಿತು. ಮರಿ ಬರಲಿಲ್ಲ.

ನಂಜನಗೂಡಿನ ಈ ಮನೆಯಲ್ಲಿ ನಿಮಗೆ ನೀರು ಹೊರುವ ಕಷ್ಟವಿಲ್ಲ, ನಲ್ಲಿ ತಿರುಗಿಸಿದರೆ ಆಯಿತು. ಅದೇ ಹುಲ್ಲಿನ ಬುಡ ಒಡೆದು ನೆಟ್ಟ ಕುಂಡಗಳ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತೀರಿ. ಶಿವರಾತ್ರಿ ಕಳೆದು ನಾನು ಕುಯ್ಯುವಾಗ "ಅಜ್ಜಿ, ಅಷ್ಟ್ಯಾಕೆ ಸಿಟ್ಟು?" ಎಂದು ಕೇಳುತ್ತೀರಿ. ಈಗ ಗೊತ್ತಾಯಿತಲ್ಲ. ನಿಮ್ಮ ಬೆಕ್ಕಿನಮರಿ ಕುಂಡದಲ್ಲಿ ಹೊರಳಾಡಿ ತೆನೆಯೆಲ್ಲ ಮುರಿದರೂ ನಾನು ಒಂದು ಮಾತೂ ಆಡುವುದಿಲ್ಲ, ನೋಡಿದ್ದೀರಾ? ಮುರಿದರೆ ಮುರಿಯಲಿ. ಹುಲ್ಲು ಮತ್ತೆ ಬರುತ್ತದೆ.