ಸಾರ್ಜೆಂಟ್ ಮನೆಯಲ್ಲಿ ಜಂದೀರಾ ಡಬ್ಬಿಗಳು

ಸಾಲ್ವಡೋರ್ ನಗರದ ನಮ್ಮ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಟ್ಟಿಲ ಬೀದಿಯ ಕೆಳತುದಿಯಲ್ಲಿ ಜಂದೀರಾ ಒಂದು ಕಬ್ಬಿಣದ ಬಾಗಿಲು ತಟ್ಟಿ ನಿಂತಿದ್ದಾರೆ. ಒಳಗೆ ಚಪ್ಪಲಿ ಎಳೆಯುವ ಸದ್ದು, ಬೀಗ ತಿರುಗುವ ಸದ್ದು. ಬಾಗಿಲು ತೆರೆದ ಮುದುಕರೊಬ್ಬರು ಮಾತಿಲ್ಲದೆ ಪಕ್ಕಕ್ಕೆ ಸರಿಯುತ್ತಾರೆ. ಇವರೂ ಮಾತಿಲ್ಲದೆ ಒಳಕೋಣೆಗೆ ಹೋಗಿ, ಗೋಡೆಯುದ್ದಕ್ಕೂ ಪೇರಿಸಿಟ್ಟ ತಗಡಿನ ಡಬ್ಬಿಗಳಲ್ಲಿ ಮೊದಲು ಒಂದನ್ನು ಮಾತ್ರ ಹುಡುಕುತ್ತಾರೆ. ಅದು ಕೈಗೆ ಸಿಕ್ಕಿದ ಮೇಲೆಯೇ ಉಳಿದ ಕೆಲಸ.

ಡಬ್ಬಿಗಳಲ್ಲಿರುವುದು ಫಿಲ್ಮ್ ಸುರುಳಿಗಳು. ಮಿಲಿಟರಿ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಇಲ್ಲಿಯ ಕಪ್ಪು ಜನ ನಡೆಸಿದ ಸಭೆಗಳು, ಮೆರವಣಿಗೆಗಳು, ತಾವೇ ಕಟ್ಟಿಕೊಂಡ ಶಾಲೆ, ಪೊಲೀಸರ ಗುಂಡಿಗೆ ಬಿದ್ದವರ ಶವಯಾತ್ರೆ. ಮದುವೆಗಳ ಚಿತ್ರ ತೆಗೆದು ಬದುಕುತ್ತಿದ್ದ ಎವೆರಾಲ್ದೊ ಎಂಬ ಗೆಳೆಯ ಕದ್ದುಮುಚ್ಚಿ ತೆಗೆದದ್ದು. ಬೇರೆ ಪ್ರತಿ ಇಲ್ಲ. ಅವನು ಸಾಯುವ ಮುಂಚೆ ಎಲ್ಲವನ್ನೂ ಜಂದೀರಾ ಮನೆಗೆ ಹೊರಿಸಿ ಕಳಿಸಿದ. ಆಗ ಅವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಹಗಲಿಡೀ ಹಬೆಯಲ್ಲಿ ಬೆಂದು ಬಂದು, ಸಂಜೆ ಫಿಲ್ಮಿಗೆ ಗಾಳಿಯಾಡಿಸುತ್ತಿದ್ದರು. ನಿವೃತ್ತರಾದ ಮೇಲೆ ಇದೇ ಕೆಲಸ.

ಕೆಲಸ ನೋಡಲು ಸುಲಭ. ಮುಚ್ಚಳ ತೆಗೆಯುವುದು, ಮೂಸುವುದು. ಕೆಡಲು ಶುರುವಾದ ಫಿಲ್ಮ್ ಹುಳಿಹುಳಿಯಾಗಿ ನಾರುತ್ತದೆ. ಅದನ್ನು ಬೇರೆ ಇಡದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಆಮೇಲೆ ಕೈಚಕ್ರಕ್ಕೆ ಹಾಕಿ, ಬೆರಳಂಚಿನಲ್ಲಿ ಹಿಡಿದು, ಒಂದು ಚಕ್ರದಿಂದ ಇನ್ನೊಂದಕ್ಕೆ ನಿಧಾನವಾಗಿ ಸುತ್ತುವುದು. ಎಡಭುಜ ಮೇಲೇಳದ ಕಾರಣ ಎತ್ತರದ ಡಬ್ಬಿಗಳನ್ನು ಅವರು ಸ್ಟೂಲು ಹತ್ತಿ ಬಲಗೈಯಲ್ಲೇ ಇಳಿಸಿಕೊಳ್ಳುತ್ತಾರೆ.

ಈ ಡಬ್ಬಿಗಳು ಮೇ ತಿಂಗಳವರೆಗೆ ಜಂದೀರಾ ಅವರ ಮನೆಯಲ್ಲೇ ಇದ್ದವು. ಆ ತಿಂಗಳು ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಮಧ್ಯಾಹ್ನ ಗುಡ್ಡ ಕುಸಿತದ ಸೈರನ್ ಕೂಗಿತು. ಮೇಲಿನ ಸಾಲಿನವರೆಲ್ಲ ಮನೆ ಬಿಡಬೇಕಾಯಿತು. ಜಂದೀರಾ ಮನೆಯ ಹಿಂಗೋಡೆ ಬಿರುಕು ಬಿಟ್ಟು, ಒಳಗೆ ಕೆಂಪು ನೀರು ಜಿನುಗುತ್ತಿತ್ತು. ಅವರು ಹಾಸಿಗೆ, ಪಾತ್ರೆ ಒಂದನ್ನೂ ಮುಟ್ಟಲಿಲ್ಲ. ಅಲಸಂದೆ ಹಿಟ್ಟಿನ ಅಕರಾಜೆ ವಡೆ ಕರಿದು ಮಾರುವ ನೆರೆಮನೆಯ ಕ್ರೆಮಿಲ್ದಾ ಕೂಗಿ ಕರೆದು ಬೀದಿಯವರನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದರು. ಡಬ್ಬಿಗಳು ಕೈಯಿಂದ ಕೈಗೆ ಇಳಿದವು. ಕೆಳಗೆ ತಲುಪಿದಾಗ ಇಡಲು ಒಣಗಿದ ಜಾಗವೇ ಇಲ್ಲ. ಆಗ ಬಂಡೆಯ ಮೇಲೆ ಕಟ್ಟಿದ ಒಂದು ಮನೆಯ ಕಬ್ಬಿಣದ ಬಾಗಿಲು ತೆರೆಯಿತು. "ಇಲ್ಲಿಡಿ," ಎಂದರು ಅದೆಮಾರ್.

ಸಾಲು ಹಾಗೇ ನಿಂತುಬಿಟ್ಟಿತು. ಬೀದಿಯವರೆಲ್ಲ ಸಾರ್ಜೆಂಟ್ ಎಂದು ಕರೆಯುವ ಅದೆಮಾರ್ ಪೊಲೀಸಿನಲ್ಲಿದ್ದವರು, ಇದೇ ಗುಡ್ಡದಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಮಿಲಿಟರಿ ಕಾಲದ ಒಂದು ದೊಡ್ಡ ಮೆರವಣಿಗೆಯ ದಿನ ಲಾಠಿ ಹಿಡಿದು ಎದುರು ನಿಂತಿದ್ದರು. ಅದರ ಫಿಲ್ಮ್ ಒಮ್ಮೆ ಚರ್ಚಿನ ಹಿಂದಿನ ಕೋಣೆಯಲ್ಲಿ ಓಡಿತ್ತು. ಅವರು ಅದರಲ್ಲಿದ್ದಾರೆಂಬ ಸುದ್ದಿ ಅಂದಿನಿಂದಲೂ ಬೀದಿಯಲ್ಲಿದೆ, ಅವರ ಕಿವಿಗೂ ಬಿದ್ದಿದೆ. ಮೇಲೆ ಗೋಡೆ ಬೀಳುವ ಸದ್ದಾಯಿತು. ಜಂದೀರಾ ಮೊದಲ ಡಬ್ಬಿಯನ್ನು ತಾವೇ ಒಳಗೆ ಒಯ್ದರು. ಕತ್ತಲಾಗುವ ಮುಂಚೆ ಅವರ ಮನೆ ಮಣ್ಣಿನಡಿ ಸೇರಿತು.

ಈಗ ಅವರು ಇರುವುದು ಕ್ರೆಮಿಲ್ದಾ ಅವರ ತಂಗಿಯ ಮನೆಯ ಮುಂಗೋಣೆಯಲ್ಲಿ. ಫಿಲ್ಮುಗಳಿಗೆ ಅಲ್ಲಿ ಸ್ಥಳವಿಲ್ಲ. ನಗರದ ಸಂಗ್ರಹಾಲಯವೊಂದು ತೆಗೆದುಕೊಳ್ಳುತ್ತೇವೆ ಎಂದಿದೆ, ಯಾವಾಗ ಎಂದು ಹೇಳಿಲ್ಲ. ಕ್ರೆಮಿಲ್ದಾ ಅವರಿಗಂತೂ ಸಮಾಧಾನವಿಲ್ಲ. "ನರಿ ಮನೇಲಿ ಕೋಳಿ ಕೂರಿಸಿ ಬಂದಿದ್ದೀಯಲ್ಲೇ. ಒಂದು ಕಡ್ಡಿ ಗೀರಿದ್ರೆ ಸಾಕು ಅವನಿಗೆ," ಎಂದು ದಿನಾ ಚುಚ್ಚುತ್ತಾರೆ. ಜಂದೀರಾ ಅವರದ್ದು ಒಂದೇ ಉತ್ತರ: "ಮಳೇಲಿ ನೆನೆಸೋಕಾಗುತ್ತೇನೇ? ಬೇರೆ ಬಾಗಿಲು ಯಾವುದು ತೆಗೀತು, ಹೇಳು."

ಜುಲೈನಲ್ಲಿ ಅದೆಮಾರ್ ಒಮ್ಮೆ ಬಾಯಿಬಿಟ್ಟರು. ತಾನಿರುವ ತುಂಡನ್ನು ಮಾತ್ರ ಕತ್ತರಿಸಿ ತೆಗೆದುಬಿಡು, ಉಳಿದದ್ದು ಎಷ್ಟು ವರ್ಷ ಬೇಕಾದರೂ ಇಲ್ಲಿರಲಿ ಎಂದರು. ಮಗಳು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಅವಳು ನೋಡಬಾರದು ಎಂದರು. ಜಂದೀರಾ ಆಗುವುದಿಲ್ಲ ಎಂದರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಬಾಗಿಲು ಮಾತ್ರ ದಿನವೂ ತೆರೆಯುತ್ತಿತ್ತು.

ಕಳೆದ ತಿಂಗಳು ಒಂದು ಬೆಳಗ್ಗೆ ಮೆರವಣಿಗೆಯ ಡಬ್ಬಿ ಜಾಗದಲ್ಲಿರಲಿಲ್ಲ. ಜಂದೀರಾ ಅಡುಗೆಮನೆಗೆ ಓಡಿದರು. ಅದೆಮಾರ್ ಮೇಜಿನ ಮುಂದೆ ಕುಳಿತಿದ್ದರು. ಡಬ್ಬಿ ತೆರೆದಿತ್ತು, ಬ್ರೆಡ್ ಕುಯ್ಯುವ ಚಾಕು ಪಕ್ಕದಲ್ಲಿತ್ತು. ಫಿಲ್ಮಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ಕಣ್ಣು ಕಿರಿದು ಮಾಡುತ್ತಿದ್ದರು.

"ಏನೂ ಕಾಣ್ತಿಲ್ಲ ನಂಗೆ. ಎಲ್ಲಿದ್ದೀನಿ, ತೋರಿಸು."

"ತೋರಿಸಿದ್ರೆ ಕತ್ತರಿಸ್ತಾರೆ. ತೋರಿಸದಿದ್ರೆ ಸುರುಳಿ ಪೂರಾ ಹಾಳು ಮಾಡ್ತಾರೆ. ಅವತ್ತು ನನಗೆ ಹಾಗನ್ನಿಸ್ತು," ಎಂದು ಜಂದೀರಾ ನನಗೆ ಹೇಳುತ್ತಾರೆ. ಕೊನೆಗೆ ಅವರು ಎದುರು ಕುರ್ಚಿ ಎಳೆದು ಕೂತರು. ಫಿಲ್ಮನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಎಣ್ಣೆ ತಾಗಬಾರದು ಎಂದರು. ಸುತ್ತುತ್ತಾ ಸುತ್ತುತ್ತಾ ಆ ಜಾಗಕ್ಕೆ ಬಂದು, ಏಪ್ರನ್ ಜೇಬಿನ ಭೂತಗನ್ನಡಿ ಅವರ ಕೈಗಿತ್ತರು.

ಅದೆಮಾರ್ ಬಹಳ ಹೊತ್ತು ನೋಡಿದರು. ಚಿಗುರು ಮೀಸೆಯ ಪೊಲೀಸ್ ಲಾಠಿ ಎತ್ತಿದ್ದಾನೆ. ಮುಂದಿನ ಚೌಕಗಳಲ್ಲಿ ಅದು ಬ್ಯಾನರ್ ಹಿಡಿದ ಹುಡುಗಿಯೊಬ್ಬಳ ಹೆಗಲ ಮೇಲೆ ಇಳಿಯುತ್ತದೆ.

"ಈ ಹುಡುಗಿ ಯಾರು?"

"ನಾನೇ."

ಅವರಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಬೀದಿಯಲ್ಲಿ ಹತ್ತಿಳಿದರೂ ಗೊತ್ತಿರಲಿಲ್ಲ. ಭೂತಗನ್ನಡಿ ಕೆಳಗಿಟ್ಟರು. ಚಾಕುವಿನ ಕಡೆ ಕೈ ಹೋಯಿತು. ಜಂದೀರಾ ಎದ್ದು ನಿಂತರು. ಅದೆಮಾರ್ ಚಾಕು ತೆಗೆದು ಮೇಜಿನ ಖಾನೆಗೆ ಹಾಕಿ ಮುಚ್ಚಿದರು, ಇವರಿಗೆ ಬೆನ್ನು ತಿರುಗಿಸಿ ಕಾಫಿಗೆ ನೀರಿಟ್ಟರು.

ಕ್ಷಮೆ ಕೇಳಿದರಾ ಎಂದು ನಾನು ಕೇಳುತ್ತೇನೆ. "ಇಲ್ಲ. ನಾನೂ ಕಾಯ್ತಿಲ್ಲ," ಎನ್ನುತ್ತಾರೆ ಜಂದೀರಾ, ಸುರುಳಿಯಿಂದ ಕಣ್ಣೆತ್ತದೆ. "ಭುಜ ಸರಿಹೋಗುತ್ತಾ ಅದರಿಂದ? ಅವತ್ತು ಕಾಫಿ ಕೊಟ್ರು, ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು."

ಸಾರ್ಜೆಂಟ್ ನನ್ನೊಡನೆ ಮಾತಾಡಲು ಒಪ್ಪಲಿಲ್ಲ. ಈ ಬರಹದಲ್ಲಿ ಹೆಸರು ಬರೆಯಬಹುದೇ ಎಂದಾಗ ಮಾತ್ರ, ಬಾಗಿಲ ಚೌಕಟ್ಟಿಗೆ ಒರಗಿ, "ಅವಳನ್ನ ಕೇಳಿ," ಎಂದರು. ಬರೆಯಿರಿ ಎಂದವರು ಜಂದೀರಾ.

ನವೆಂಬರಿನಲ್ಲಿ ಮೆಟ್ಟಿಲ ಬೀದಿಯಲ್ಲಿ ಒಂದು ಬಿಳಿ ಬೆಡ್‌ಶೀಟು ಕಟ್ಟಿ ಮೆರವಣಿಗೆಯ ಫಿಲ್ಮ್ ತೋರಿಸಬೇಕೆಂಬುದು ಅವರ ಆಸೆ. ಪ್ರೊಜೆಕ್ಟರ್ ಕೊಡಲು ಒಬ್ಬರು ಒಪ್ಪಿದ್ದಾರೆ. ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿರುವ ಮನುಷ್ಯ ಅಂದು ಬರುತ್ತಾರೋ, ಮಗಳಿಗೆ ಮೊದಲೇ ಹೇಳಿಕೊಳ್ಳುತ್ತಾರೋ, ಅಷ್ಟರೊಳಗೆ ಮನಸ್ಸು ಬದಲಿಸುತ್ತಾರೋ ಯಾರಿಗೂ ಗೊತ್ತಿಲ್ಲ. ಜಂದೀರಾ ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸುತ್ತಾರೆ.

"ಬಂದ್ರೆ ಕುರ್ಚಿ ಹಾಕ್ತೀನಿ. ಬರದಿದ್ರೂ ಫಿಲ್ಮ್ ಓಡುತ್ತೆ. ಇವತ್ತು ಬೆಳಗ್ಗೇನೂ ಪೂರ್ತಿ ಸುತ್ತಿ ನೋಡಿದ್ದೀನಿ. ಒಂದಿಂಚೂ ಕಮ್ಮಿ ಆಗಿಲ್ಲ."