ಭಾವನ ಕಾರಿಗೆ ಶನಿವಾರದ ಎಣ್ಣೆ

ನಮ್ಮ ಭಾವ ಮಧ್ವರಾಜರು ಜೀವನದಲ್ಲಿ ಯಾರನ್ನೂ ನಂಬಿದವರಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಮದ್ರಾಸಿನ ಒಂದು ವಿಮಾ ಕಂಪನಿಯಲ್ಲಿ ಅಪಘಾತವಾದ ಗಾಡಿಗಳ ಅರ್ಜಿ ನೋಡುವ ಕೆಲಸ ಅವರದು. ಜಜ್ಜಿಹೋದ ಲಾರಿಗಳು, ಅವುಗಳ ಮಾಲೀಕರು ಬರೆದ ಸುಳ್ಳುಗಳು, ಮೆಕ್ಯಾನಿಕ್ಕುಗಳು ಕೊಟ್ಟ ಇನ್ನೂ ದೊಡ್ಡ ಸುಳ್ಳು ಬಿಲ್ಲುಗಳು, ಇವನ್ನೇ ಇಪ್ಪತ್ತು ವರ್ಷ ಓದಿ ಓದಿ, ಲೋಕದಲ್ಲಿ ಪ್ರಾಮಾಣಿಕ ಮನುಷ್ಯ ಒಬ್ಬನೇ ಉಳಿದಿದ್ದಾನೆ ಎಂದು ಅವರಿಗೆ ಖಾತ್ರಿಯಾಗಿತ್ತು. ಆ ಒಬ್ಬ ಯಾರು ಎಂದು ನಾವು ಕೇಳಬೇಕಾಗಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಅವರು ಡಾಕ್ಟರೊಬ್ಬರಿಂದ ಹಳೆಯ ಹೆರಾಲ್ಡ್ ಕಾರು ಕೊಂಡರು. ನಂಗನಲ್ಲೂರಿನ ನಮ್ಮ ಬೀದಿಗೆ ಅದು ಎರಡನೆಯ ಕಾರು. ಕೊಂಡ ವಾರವೇ ಮನೆಯಲ್ಲಿ ಅಪ್ಪಣೆಯಾಯಿತು: ಈ ಕಾರಿನ ಎಣ್ಣೆಯನ್ನು ನಾನೇ ಬದಲಾಯಿಸುತ್ತೇನೆ, ಹೊರಗಿನವರ ಕೈ ತಾಗಕೂಡದು. ನಾನು ಆಗ ರೈಲ್ವೆಯಲ್ಲಿ ಗುಮಾಸ್ತ, ಇನ್ನೂ ಮದುವೆಯಾಗದೆ ಅಕ್ಕನ ಮನೆಯಲ್ಲೇ ಇದ್ದವನು. ಅಪ್ಪಣೆಗೆ ತಲೆಯಾಡಿಸುವುದು ನನ್ನ ಊಟದ ಋಣಕ್ಕೆ ಸೇರಿದ ಕೆಲಸವಾಗಿತ್ತು.

ಬೀದಿಯ ಕೊನೆಯಲ್ಲಿ ಬೇವಿನ ಮರದ ಕೆಳಗೆ ಶೀನ ಎಂಬ ಉಡುಪಿ ಕಡೆಯ ಮೆಕ್ಯಾನಿಕ್ ಇದ್ದ. ಸಾಧು ಮನುಷ್ಯ. ಕಾರು ಬಂದ ಸುದ್ದಿ ತಿಳಿದು ತಾನೇ ಬಂದ.

"ನಿಮ್ಮ ಎದುರಿಗೇ ಮಾಡಿ ಕೊಡ್ತೇನೆ ಸ್ವಾಮೀ. ಕುರ್ಚಿ ಹಾಕಿ ಕೂತು ನೋಡಿ. ಅರ್ಧ ಗಂಟೆಯ ಕೆಲಸ ಅಷ್ಟೇ," ಎಂದ.

"ನಿಮ್ಮ ಕೈಚಳಕ ಎಲ್ಲ ನಂಗೆ ಗೊತ್ತು ಕಣಯ್ಯ," ಎಂದರು ಭಾವ. "ಹಳೇ ಎಣ್ಣೆಯನ್ನೇ ಸೋಸಿ ವಾಪಸ್ ಹೊಯ್ದು, ಹೊಸದನ್ನ ಇನ್ನೊಬ್ಬನಿಗೆ ಮಾರ್ತೀರಿ."

ಶೀನ ತನ್ನ ಬೇವಿನ ಮರದ ಕಡೆಗೆ ಹೊರಟುಹೋದ.

ಎಣ್ಣೆ ಬದಲಾಯಿಸುವುದು ಹೇಳಿಕೊಳ್ಳುವಂಥ ವಿದ್ಯೆಯೇನಲ್ಲ. ಎಂಜಿನ್ನಿನ ತಳದಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಬಿಚ್ಚಿದರೆ ಹಳೆಯ ಎಣ್ಣೆ ಇಳಿಯುತ್ತದೆ, ತಿರುಪನ್ನು ಮತ್ತೆ ಹಾಕಿ ಬಿಗಿದು ಮೇಲಿನಿಂದ ಹೊಸದನ್ನು ಹೊಯ್ದರೆ ಮುಗಿಯಿತು. ಆದರೆ ಭಾವನ ಕೈಗೆ ಬಂದ ಯಾವ ಕೆಲಸವೂ ಇಷ್ಟು ಸರಳವಾಗಿ ಮುಗಿದದ್ದಿಲ್ಲ. ಅವರು ಪಂಚಾಂಗ ತೆಗೆದರು. ಎಣ್ಣೆ ಎಂದ ಮೇಲೆ ಅದಕ್ಕೆ ವಾರ ತಿಥಿ ಬೇಡವೇ? ಗಂಡಸರ ಎಣ್ಣೆಸ್ನಾನಕ್ಕೆ ಶನಿವಾರ, ಹೆಂಗಸರಿಗೆ ಶುಕ್ರವಾರ. ಕಾರು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಬಂತು. ಅಕ್ಕ ನಾಗಮಣಿ ಒಗ್ಗರಣೆ ಹಾಕುತ್ತಲೇ, "ಹೇಳಿದ ಕಡೆಗೆಲ್ಲ ಬಾಯಿ ಮುಚ್ಚಿಕೊಂಡು ಹೋಗುತ್ತಲ್ಲ, ಹೆಣ್ಣೇ ಇರಬೇಕು," ಎಂದಳು. ರಿಜಿಸ್ಟ್ರೇಷನ್ ತಮ್ಮ ಹೆಸರಿನಲ್ಲಿರುವುದರಿಂದ ಅದು ಗಂಡೇ ಎಂದು ಭಾವ ತೀರ್ಮಾನ ಕೊಟ್ಟರು. ಹಾಗಾಗಿ ಶನಿವಾರ. ಅದರಲ್ಲೂ ಏಕಾದಶಿ, ಅಮಾವಾಸ್ಯೆ, ಹಿರಿಯರ ತಿಥಿ, ಗ್ರಹಣ ಇವೆಲ್ಲ ಕಳೆದು ಉಳಿದ ಶನಿವಾರ.

"ಅದು ಎಳ್ಳೆಣ್ಣೆ ಅಲ್ಲವಲ್ಲ ಭಾವ," ಎಂದೆ ಒಮ್ಮೆ.

"ಜಿಡ್ಡು ಇದ್ರೆ ಎಣ್ಣೆ. ನೀನು ರೈಲ್ವೆಯವನು, ಸುಮ್ನಿರು."

ಆ ಶನಿವಾರಗಳಲ್ಲಿ ಬೆಳಗ್ಗೆಯೇ, ಮನೆ ಕಟ್ಟುವಾಗ ಉಳಿದಿದ್ದ ಎರಡು ಕಲ್ಲು ಚಪ್ಪಡಿಗಳ ಮೇಲೆ ಕಾರಿನ ಮುಂದಿನ ಗಾಲಿ ಹತ್ತಿಸಿ, ಹರಿದ ಚಾಪೆ ಹಾಸಿ, ಭಾವ ಕೆಳಗೆ ತೂರುತ್ತಿದ್ದರು. ಹಳೆಯ ಎಣ್ಣೆ ಬೇಸಿನ್ನಿಗೆ ಇಳಿಯುವ ಒಂದು ಗಂಟೆಯಲ್ಲಿ ತಾವೂ ಮೈಗೆ ಎಣ್ಣೆ ಹಚ್ಚಿಕೊಂಡು ಹಿತ್ತಲಲ್ಲಿ ಕೂರುವರು. ಇಬ್ಬರೂ ಒಟ್ಟಿಗೆ ನೆನೆಯಬೇಕು. ಇಳಿದ ಕರಿ ಎಣ್ಣೆಯನ್ನು ಗೆದ್ದಲು ಬಾರದಿರಲೆಂದು ಗೇಟಿಗೆ ಬಳಿಯುವುದು ಕೊನೆಯ ವಿಧಿ. ನಮ್ಮ ಮನೆಗೆ ಬಂದವರೆಲ್ಲ ಪಂಚೆಯಲ್ಲಿ ಒಂದು ಕಪ್ಪು ಗೆರೆ ಹಾಕಿಸಿಕೊಂಡೇ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನಾನು ಹೇಳಬೇಕೆಂದಿರುವುದು ಎಪ್ಪತ್ತೇಳನೆಯ ಇಸವಿಯ ಒಂದು ಶನಿವಾರದ ವಿಷಯ.

ಅಕ್ಕ ಮೈಸೂರಿನಲ್ಲಿ ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡವೆಂದರೆ ಜೀವ. ಮದುವೆಯಾಗಿ ಮದ್ರಾಸಿಗೆ ಬಂದ ಮೇಲೆ ಆ ಸರ್ಟಿಫಿಕೇಟುಗಳು ಟ್ರಂಕಿನ ತಳ ಸೇರಿದವು. ಒಬ್ಬಳೇ ಮಗಳು ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟುಕೊಂಡು ಬೆಳೆದು, ಮದುವೆಯಾಗಿ ತಿರುಚ್ಚಿಗೆ ಹೋದಳು. ಅಕ್ಕನಿಗೆ ಆಗ ನಲವತ್ತಾರು. ಪುರಸವಾಕ್ಕದಲ್ಲಿ ಕನ್ನಡಿಗರು ನಡೆಸುತ್ತಿದ್ದ ಒಂದು ಶಾಲೆಗೆ ಕನ್ನಡ ಟೀಚರು ಬೇಕಾಗಿತ್ತು. ಮೂರು ವರ್ಷದ ಹಿಂದೆಯೂ ಒಮ್ಮೆ ಅರ್ಜಿ ಕರೆದಿದ್ದರು. ಆಗ ಅರ್ಜಿಯನ್ನು ಅಂಚೆಗೆ ಹಾಕುವ ಕೆಲಸ ಭಾವ ವಹಿಸಿಕೊಂಡು, ಒಳ್ಳೆಯ ದಿನ ಹುಡುಕುತ್ತ ಹುಡುಕುತ್ತ ಕೊನೆಯ ತಾರೀಕು ದಾಟಿಸಿದ್ದರು. ಈ ಸಲ ಅಕ್ಕ ತಾನೇ ಹೋಗಿ ಡಬ್ಬಿಗೆ ಹಾಕಿ ಬಂದಳು. ಕರೆ ಬಂತು. ಶಾಲೆಯ ಕಾರ್ಯದರ್ಶಿ ಏಕಾಂತಪ್ಪನವರು, ಹುಬ್ಬಳ್ಳಿ ಕಡೆಯ ಬಟ್ಟೆ ವ್ಯಾಪಾರಿ, ಕಾರ್ಡಿನಲ್ಲಿ ಖಡಾಖಂಡಿತವಾಗಿ ಬರೆದಿದ್ದರು: ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಸಂದರ್ಶನ, ಹತ್ತೂವರೆಗೆ ಮುಕ್ತಾಯ, ಆಮೇಲೆ ಬಂದವರನ್ನು ನೋಡುವುದಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಕರೆ ಬರುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ನಾನು ಎಲೆಕ್ಟ್ರಿಕ್ ಟ್ರೈನಲ್ಲಿ ಹೋಗ್ತೀನಿ, ಪಳವಂತಾಂಗಲ್‌ನಲ್ಲಿ ಹತ್ತಿದ್ರೆ ಎಗ್ಮೋರು, ಅಲ್ಲಿಂದ ಶಾಲೆ ಹತ್ರ," ಎಂದಳು ಹಿಂದಿನ ದಿನ.

"ಮನೇಲಿ ಕಾರಿಟ್ಕೊಂಡು ನನ್ನ ಹೆಂಡತಿ ಟ್ರೈನಲ್ಲಿ ನೇತಾಡಿಕೊಂಡು ಹೋಗ್ಬೇಕಾ? ನಾಲ್ಕು ಜನ ಏನಂತಾರೆ?" ಎಂದರು ಭಾವ. ಆಮೇಲೆ ಪಂಚಾಂಗ ನೋಡಿ, "ನಾಳೆ ಬೆಳಗ್ಗೆ ಎಣ್ಣೆ ಬದಲಾಯಿಸಿ ಹೊರಟುಬಿಡೋಣ," ಎಂದರು.

ಅಕ್ಕನ ಮುಖ ಬಿಳಿಚಿತು. "ನಾಳೇನೇ ಆಗ್ಬೇಕೇನ್ರಿ? ಬಂದ ಮೇಲೆ ಮಾಡಿ."

"ಊಟ ಆದ್ಮೇಲೆ ಯಾರಾದ್ರೂ ಎಣ್ಣೆ ಮುಟ್ತಾರಾ? ಮುಂದಿನ ಶನಿವಾರ ಏಕಾದಶಿ. ಅದರಾಚೆಯದು ನಮ್ಮಪ್ಪನ ಶ್ರಾದ್ಧ. ಹೋದ ವಾರ ನಂಗೆ ನೆಗಡಿ. ಇದು ಬಿಟ್ರೆ ತಿಂಗಳವರೆಗೆ ಬೇರೆ ಶನಿವಾರ ಸಿಗಲ್ಲ."

ಬೆಳಗ್ಗೆ ಆರಕ್ಕೆ ಶುರುವಾಯಿತು. ಹಳೆಯ ಎಣ್ಣೆ ಇಳಿಯಿತು. ಭಾವ ಎಣ್ಣೆ ಹಚ್ಚಿಕೊಂಡು ನೆನೆದು, ಸೀಗೆಪುಡಿ ಹಾಕಿ ತಿಕ್ಕಿಸಿಕೊಂಡು ಸ್ನಾನ ಮುಗಿಸಿ ಬಂದರು. ಏಳೂವರೆ. ತಿರುಪು ಹಾಕಲು ಹೋದರೆ, ಎಣ್ಣೆ ಸೋರದಂತೆ ತಡೆಯುವ ಅದರ ತಾಮ್ರದ ವಾಷರ್ ಎರಡು ತುಂಡಾಗಿ ಅಂಗೈಯಲ್ಲಿ ಬಿತ್ತು. ಕಾರು ಕೊಂಡಾಗಿನಿಂದ ಅದೇ ವಾಷರ್.

"ಶೀನನ ಹತ್ರ ಇರುತ್ತೆ, ಓಡಿಹೋಗಿ ತರ್ತೀನಿ," ಎಂದೆ.

"ಶನಿವಾರ ಕಬ್ಬಿಣ ಕೊಳ್ಳೋದಾ?"

"ತಾಮ್ರ, ಭಾವ."

"ಮಾರೋನು ಕಬ್ಬಿಣದವನು."

ದೇವರ ಮನೆಗೆ ಹೋಗಿ ದೀಪದ ಬತ್ತಿ ಎರಡು ತಂದು, ತಿರುಪಿಗೆ ಸುತ್ತಿ ಬಿಗಿದರು. ಆಮೇಲೆ ಹೊಸ ಎಣ್ಣೆಯ ಡಬ್ಬ ತೆಗೆದರೆ ಅರ್ಧಕ್ಕಿಂತ ಕಡಿಮೆ. ಬಾವಿಯ ರಾಟೆಗೆ, ಬಾಗಿಲ ಕೀಲಿಗೆ, ಅಕ್ಕನ ಹೊಲಿಗೆ ಯಂತ್ರಕ್ಕೆ ಎಂದು ಅವರೇ ಆಗಾಗ ಸುರಿದು ಮರೆತಿದ್ದರು. ಮುಖ್ಯರಸ್ತೆಯ ಅಂಗಡಿ ಎಂಟಕ್ಕೆ ತೆರೆಯುತ್ತದೆ ಎಂದು ನಾನು ಹೇಳುವಷ್ಟರಲ್ಲಿ, ಶನಿವಾರ ಎಣ್ಣೆ ಕೊಂಡು ಮನೆಗೆ ತಂದರೆ ಶನಿಯನ್ನೇ ಕೈಹಿಡಿದು ಕರೆತಂದಂತೆ ಎಂದು ನನಗೇ ಬೈದರು. ಬದಲಾಯಿಸುವುದಾದರೆ ಶನಿವಾರವೇ ಆಗಬೇಕು, ಕೊಳ್ಳುವುದಾದರೆ ಶನಿವಾರ ಕೂಡದು. ಮೂರು ವರ್ಷದಿಂದ ಈ ಎರಡು ಕಟ್ಟಳೆ ಒಂದನ್ನೊಂದು ಸಂಧಿಸಿರಲಿಲ್ಲ. ಅಕ್ಕನ ಸಂದರ್ಶನದ ದಿನವೇ ಸಂಧಿಸಬೇಕಾಯಿತು.

ಭಾವ ಹಳೆಯ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಬೇಸಿನ್ನಿನ ಕರಿ ಎಣ್ಣೆಯನ್ನು ಸೋಸಿ, ಮತ್ತೆ ಎಂಜಿನ್ನಿಗೆ ಹೊಯ್ದರು. ನಾನು ಅವರ ಮುಖವನ್ನೇ ನೋಡಿದೆ. ನಾಚಿಕೆಯ ಸುಳಿವೂ ಇರಲಿಲ್ಲ.

"ಏನು ನೋಡ್ತೀಯ? ನಮ್ಮದೇ ಕಾರಿಂದು, ಪರರದಲ್ಲ," ಎಂದರು.

ಎಂಟು ಗಂಟೆಯಿಂದ ಅಕ್ಕ ಜಗಲಿಯಲ್ಲಿ ನಿಂತಿದ್ದಳು. ನೀಲಿ ಮೈಸೂರು ಸಿಲ್ಕ್ ಸೀರೆ, ಎದೆಗವಚಿದ ಫೈಲು. "ರೀ, ನಾನು ಟ್ರೈನಿಗೆ ಹೋಗಲಾ?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಭಾವ, "ಇಷ್ಟು ಕಷ್ಟಪಡ್ತಿರೋದು ಯಾರಿಗೋಸ್ಕರ?" ಎಂದರು. ನಾವು ಮೂವರೂ ಹೊರಟಾಗ ಎಂಟೂ ಐವತ್ತು.

ಕತ್ತಿಪಾರಾ ದಾಟುವ ಹೊತ್ತಿಗೆ ಭಾವನ ಎದುರಿಗೆ ಕೆಂಪು ದೀಪ ಹೊತ್ತಿಕೊಂಡಿತು. ಎಣ್ಣೆ ಇಲ್ಲವೆಂದು ಹೇಳುವ ದೀಪ. ಬಿಸಿಲು ಬಿದ್ದು ಹಾಗೆ ಕಾಣುತ್ತದೆ ಎಂದರು ಭಾವ. ಗಿಂಡಿ ಸ್ಟೇಷನ್ ಇನ್ನೂ ಅರ್ಧ ಮೈಲಿ ಇರುವಾಗ ಎಂಜಿನ್ನಿನೊಳಗಿನಿಂದ ಗಡಗಡ ಸದ್ದು ಬಂತು, ಕಾರು ಜಗ್ಗಿ ನಿಂತೇಬಿಟ್ಟಿತು. ರಸ್ತೆಬದಿಯ ಟೀ ಅಂಗಡಿಯವನು ಬಗ್ಗಿ ನೋಡಿ, "ಆಯಿಲ್ ಒಳುಗುದು ಸಾರ್," ಎಣ್ಣೆ ಸೋರುತ್ತಿದೆ ಎಂದ. ನಮ್ಮ ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ ಬಿದ್ದಿತ್ತು. ಭಾವ ಅದನ್ನು ನೋಡಿ, ಬೇರೆ ಯಾವುದೋ ಗಾಡಿಯದು ಎಂದರು.

"ಕಮಲಾಕರ, ಗಂಟೆ ಎಷ್ಟೋ?" ಎಂದು ಅಕ್ಕ ನನ್ನನ್ನು ಕೇಳಿದಳು.

"ಒಂಬತ್ತೂ ಇಪ್ಪತ್ತು."

"ಹತ್ತು ನಿಮಿಷ ತಾಳು, ಎಂಜಿನ್ ತಣಿದ್ರೆ ತಾನೇ ಹೊರಡುತ್ತೆ," ಎಂದರು ಭಾವ.

ಅಕ್ಕ ಬಾಗಿಲು ತೆಗೆದು ಇಳಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಬಸ್ಸು ಲಾರಿಗಳ ಪಕ್ಕದಲ್ಲಿ ಸ್ಟೇಷನ್ನಿನ ಕಡೆ ಸರಸರ ನಡೆದಳು. ನಾನು ಅವಳ ಜೊತೆ ಹೋಗಬೇಕಿತ್ತು. ಭಾವ, "ಹಿಂದೆ ಹೋಗಿ ತಳ್ಳೋ," ಎಂದರು, ನಾನು ಹೋಗಿ ತಳ್ಳಿದೆ. ಎಂದೂ ಅವಳು ಅದನ್ನು ಎತ್ತಿ ಆಡಲಿಲ್ಲ. ಆದರೂ ಆ ಬೆಳಗನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಾರನ್ನು ಕಟ್ಟಿ ಎಳೆದು ತಂದು ಬಿಟ್ಟದ್ದು ಶೀನನ ಬೇವಿನ ಮರದ ಕೆಳಗೇ. ಬೇರೆ ಯಾರೂ ಮುಟ್ಟಲು ಒಪ್ಪಲಿಲ್ಲ. ಅವನು ತಿರುಪು ಬಿಚ್ಚಿ, ಕರ್ರಗಾದ ಬತ್ತಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಎಂತ ಸ್ವಾಮೀ ಇದು?" ಎಂದ. ಭಾವ ನನ್ನನ್ನು ತೋರಿಸಿ, "ಇವನನ್ನ ಕೇಳು," ಎಂದರು.

ಸಂಜೆ ನಾಲ್ಕಕ್ಕೆ ಅಕ್ಕ ಬಂದಳು. ಚಪ್ಪಲಿ ಬಿಡುತ್ತಲೇ, "ಸೋಮವಾರದಿಂದ ಬರೋಕೆ ಹೇಳಿದಾರೆ," ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಭಾವ, "ಬೇರಿಂಗ್ ಹೋಗಿದೆಯಂತೆ, ಎರಡು ತಿಂಗಳಾಗುತ್ತೆ ಅಂತಾನೆ ಶೀನ," ಎಂದರು. ಅಲ್ಲಿಂದ ಊಟದವರೆಗೂ ಬೇರಿಂಗಿನ ಮಾತೇ. ಕೊನೆಗೆ ಮಜ್ಜಿಗೆ ಅನ್ನಕ್ಕೆ ಬಂದಾಗ, "ನಾನು ಗಿಂಡಿವರೆಗೆ ಬಿಡದೇ ಇದ್ದಿದ್ರೆ ನೀನು ತಲುಪ್ತಿದ್ಯಾ?" ಎಂದರು. ಅಕ್ಕ ಅವರ ಎಲೆಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದಳು.

ಅಂದಿನಿಂದ ಹನ್ನೆರಡು ವರ್ಷ ಅಕ್ಕ ಕೊಡೆ, ಊಟದ ಡಬ್ಬಿ ಹಿಡಿದು ಎಲೆಕ್ಟ್ರಿಕ್ ಟ್ರೈನಿನಲ್ಲಿ ಶಾಲೆಗೆ ಹೋಗಿಬಂದಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತಮಿಳು ಆಡುವ ಮಕ್ಕಳ ಬಾಯಲ್ಲಿ ಕನ್ನಡ ಹೊರಳಿಸಿದಳು. ಕಾರು ರಿಪೇರಿಯಾಗಿ ಬಂದ ಮೇಲೂ ಅದರ ಕಡೆ ತಿರುಗಲಿಲ್ಲ. ಭಾವ ಶನಿವಾರಗಳನ್ನು ಬಿಡಲಿಲ್ಲ, ಶುಕ್ರವಾರವೇ ಡಬ್ಬ ಕೊಂಡಿಡುವ ಬುದ್ಧಿ ಮಾತ್ರ ಬಂತು. ಜೊತೆಗೆ ಅವರ ಕಥೆಯೂ ಬೆಳೆಯಿತು. ಮೊದಲು ನೆಂಟರ ಮುಂದೆ, ಅವಳನ್ನು ಗಿಂಡಿವರೆಗೆ ಬಿಟ್ಟದ್ದು ನಾನು ಎನ್ನುತ್ತಿದ್ದರು. ಎಂಬತ್ತರ ಹೊತ್ತಿಗೆ ಗಿಂಡಿ ಹೋಗಿ ಸೈದಾಪೇಟೆ ಆಯಿತು. ಎಂಬತ್ತಮೂರರಲ್ಲಿ ಎಗ್ಮೋರು. ಎಂಬತ್ತಾರರಲ್ಲಿ ಮಗಳ ಮಾವನವರ ಎದುರು, "ಶಾಲೆ ಬಾಗಿಲಲ್ಲೇ ಇಳಿಸಿದೆ, ಹತ್ತಕ್ಕೆ ಇನ್ನೂ ಐದು ನಿಮಿಷ ಇತ್ತು," ಎಂದರು. ಅಕ್ಕ ಪಕ್ಕದಲ್ಲೇ ಕಾಫಿ ಲೋಟ ಇಡುತ್ತಿದ್ದಳು. ಸಕ್ಕರೆ ಸಾಕೇ ಎಂದು ಬೀಗರನ್ನು ಕೇಳಿದಳು, ಅಷ್ಟೇ.

ಎಂಬತ್ತೊಂಬತ್ತರಲ್ಲಿ ಅವಳು ನಿವೃತ್ತಳಾದಳು. ಶಾಲೆಯ ಸಭಾಂಗಣದಲ್ಲಿ ಬೀಳ್ಕೊಡುಗೆ. ಭಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಅಕ್ಕಪಕ್ಕದವರಿಗೆ ಅವರು ತಮ್ಮ ಕಥೆಯನ್ನು ಆಗಲೇ ಒಂದು ಸುತ್ತು ಹೇಳಿ ಮುಗಿಸಿದ್ದರು. ಏಕಾಂತಪ್ಪನವರು, ಈಗ ಕೂದಲೆಲ್ಲ ನೆರೆತಿತ್ತು, ಮೈಕಿನ ಮುಂದೆ ನಿಂತರು.

"ನಾಗಮಣಿ ಟೀಚರ್ ಬಗ್ಗೆ ಒಂದ್ ಮಾತ್ ಹೇಳ್ತೀನ್ರಿ. ಇಂಟರ್‌ವ್ಯೂಕ್ಕ ಅವರು ಬಂದಾಗ ಹತ್ತೂ ಇಪ್ಪತ್ತೆಂಟು. ನಾವು ಕಾಗದಾ ಎಲ್ಲಾ ಮಡಚಿ ಎದ್ದಿದ್ವಿ. ಯಾಕ್ರೀ ಇಷ್ಟ್ ತಡಾ ಅಂತ ಕೇಳಿದೆ. 'ನಮ್ಮ ಮನೆಯವರು ಕಾರಲ್ಲಿ ಕರೆದುಕೊಂಡು ಬಂದರು, ಅದಕ್ಕೆ ತಡವಾಯಿತು' ಅಂದ್ರು."

ಸಭೆಯೆಲ್ಲ ನಕ್ಕಿತು. ಮಕ್ಕಳು ಬೆಂಚು ಬಡಿದರು.

"ಹಂಗಾರ ದಿನಾ ಹೆಂಗ್ ಬರ್ತೀರಿ ಅಂದೆ. 'ದಿನಾ ಒಬ್ಬಳೇ ಬರ್ತೀನಿ, ತಡವಾಗಲ್ಲ' ಅಂದ್ರು. ಆ ಮಾತಿಗೇ ನಾವು ಕೆಲಸಾ ಕೊಟ್ಟಿದ್ದು. ಹನ್ನೆರಡು ವರ್ಷದಾಗ ಒಂದ್ ದಿನಾನೂ ತಡಾ ಆಗ್ಲಿಲ್ರಿ."

ಇನ್ನೂ ಜೋರಾಗಿ ನಕ್ಕರು. ನಮ್ಮ ಸಾಲಿನವರು ಕತ್ತು ಹೊರಳಿಸಿ ಭಾವನನ್ನೇ ನೋಡುತ್ತಿದ್ದರು. ಭಾವ ನಗಲು ಹೋಗಿ ಆಗದೆ, ನನ್ನ ಕಡೆ ಬಾಗಿದರು.

"ಇದು ನಿಂಗೆ ಗೊತ್ತಿತ್ತೇನೋ?"

"ಇಲ್ಲ ಭಾವ."

"ಹನ್ನೆರಡು ವರ್ಷ ನಂಗೆ ಒಂದು ಮಾತು ಹೇಳ್ಲಿಲ್ಲ ನೋಡು ಅವಳು."

"ಇಂಟರ್‌ವ್ಯೂನಲ್ಲಿ ಏನಾಯ್ತು ಅಂತ ನೀವು ಕೇಳಿದ್ರಾ?"

ಅವರು ವೇದಿಕೆಯ ಕಡೆ ನೋಡಿದರು. ಅಲ್ಲಿ ಅಕ್ಕನಿಗೆ ಶಾಲು ಹೊದಿಸುತ್ತಿದ್ದರು. ಚಪ್ಪಾಳೆ ಶುರುವಾಗಿ, ಜೋರಾಗಿ, ನಿಂತೂ ಹೋಯಿತು.

"ಇಲ್ಲ ಕಣೋ," ಎಂದರು ಭಾವ, "ಕೇಳ್ಲಿಲ್ಲ."